ಲೆ. ಕರ್ನಲ್ ನಿರಂಜನ್ ಅವರ ಸ್ಮಾರಕ ಶಿಲೆ ಮತ್ತು ಜನವರಿ 3ರ ಕಾರ್ಯಕ್ರಮ: ಸರಿಯಾಗಿ ಮಾಡುವುದು ಹೇಗೆ?

ಬಡಾವಣೆ_ಬಳಗ

ಪಠಾಣ್‌ಕೋಟ್ ವಾಯುನೆಲೆಯ ಮೇಲಿನ ದಾಳಿಯ ವೇಳೆ 2016ರ ಜನವರಿ 3ರಂದು ಪ್ರಾಣ ಕೊಟ್ಟ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಇ.ಕೆ. ಅವರ ನೆನಪಿಗೆ ಉತ್ತರ ಬೆಂಗಳೂರಿನ ನಮ್ಮ ಬಡಾವಣೆಯ ಉದ್ಯಾನದಲ್ಲಿ ಒಂದು ಶಿಲಾಫಲಕ ನಿಲ್ಲಿಸುವುದೆಂದು ತೀರ್ಮಾನವಾಗಿದೆ. ಅದೇ ದಿನ ಬೆಳಿಗ್ಗೆ ಪುಷ್ಪಚಕ್ರ ಅರ್ಪಣೆ, ಪಕ್ಕದ ಶಾಲೆಯ ಮಕ್ಕಳಿಗೆ ಬಾಂಬ್ ನಿಷ್ಕ್ರಿಯ ದಳದ ಕೆಲಸ ತಿಳಿಸುವ ಚಿಕ್ಕ ಪ್ರದರ್ಶನ. ಫಲಕದ ಕರಡು ಹೀಗಿದೆ:

"ಬಾಂಬ್ ನಿಷ್ಕ್ರಿಯಗೊಳಿಸುವಾಗ ಹುತಾತ್ಮರಾದ ಕರ್ನಲ್ ನಿರಂಜನ್ ಕುಮಾರ್, ಎನ್ಎಸ್ಜಿ ಕಮಾಂಡೋ, ಶೌರ್ಯಚಕ್ರ ವಿಜೇತ, ಇವರ ನೆನಪಿಗಾಗಿ. ಬಡಾವಣೆಯ ನಾಗರಿಕರು."

ಇದರಲ್ಲಿ ತಪ್ಪಿದ್ದರೆ ತಿದ್ದಿ. ಕಲ್ಲಿನ ಅಳತೆ, ಕಾರ್ಯಕ್ರಮದ ಕ್ರಮ, ಬಾವುಟದ ನಿಯಮ, ಪ್ರದರ್ಶನದಲ್ಲಿ ಏನಿಡಬೇಕು, ಏನಿಡಬಾರದು, ಎಲ್ಲಕ್ಕೂ ಸಲಹೆ ಬೇಕು.

ಸ್ಯಾಪರ್_ಬಳಗ

ಒಳ್ಳೆಯ ಕೆಲಸ. ಕಲ್ಲಿನ ಮೇಲೆ ಹೋದದ್ದು ಐವತ್ತು ವರ್ಷ ಇರುತ್ತದೆ, ಹಾಗಾಗಿ ಕರಡನ್ನು ಪದಪದವಾಗಿ ನೋಡೋಣ.

ಹುದ್ದೆ: "ಕರ್ನಲ್" ಅಲ್ಲ, "ಲೆಫ್ಟಿನೆಂಟ್ ಕರ್ನಲ್". ಎರಡೂ ಬೇರೆ ಬೇರೆ ಹುದ್ದೆ. ಮಾತಿನಲ್ಲಿ ಕರ್ನಲ್ ಸಾಹೇಬರು ಅನ್ನುವುದು ಸರಿ, ಫಲಕದಲ್ಲಿ ಪೂರ್ಣ ಹುದ್ದೆಯೇ ಬರಬೇಕು.

ಹೆಸರು: ಪತ್ರಿಕೆಗಳಲ್ಲಿ ನಿರಂಜನ್ ಕುಮಾರ್ ಎಂದೂ ಬಂದಿದೆ, ನಿರಂಜನ್ ಇ.ಕೆ. ಎಂದೂ ಬಂದಿದೆ. ಸೇನೆಯ ದಾಖಲೆಯಲ್ಲಿರುವಂತೆ "ನಿರಂಜನ್ ಇ.ಕೆ." ಎಂದೇ ಕೆತ್ತಿಸಿ.

ಮೂಲ ರೆಜಿಮೆಂಟ್: ಕರಡಿನಲ್ಲಿ ಇದು ಬಿಟ್ಟೇಹೋಗಿದೆ, ನನಗೆ ಎಲ್ಲಕ್ಕಿಂತ ಚುಚ್ಚಿದ್ದು ಇದೇ. ಎನ್‌ಎಸ್‌ಜಿಗೆ (ರಾಷ್ಟ್ರೀಯ ಭದ್ರತಾ ಪಡೆ) ಸೈನಿಕರು ನಿಯೋಜನೆಯ ಮೇಲೆ ಹೋಗುತ್ತಾರೆ. ನಿರಂಜನ್ ಅವರು ಭೂಸೇನೆಯ ಇಂಜಿನಿಯರ್ ದಳದವರು, ಮದ್ರಾಸ್ ಇಂಜಿನಿಯರ್ ಗ್ರೂಪ್‌ನವರು. ಹಲಸೂರು ಕೆರೆಯ ಪಕ್ಕದಲ್ಲೇ ಈ ಗ್ರೂಪಿನ, ಅಂದರೆ ಎಂಇಜಿಯ, ಕೇಂದ್ರವಿದೆ. 1780ರಲ್ಲಿ ಹುಟ್ಟಿದ ಈ ದಳಕ್ಕೂ ಬೆಂಗಳೂರಿಗೂ ಇರುವ ನಂಟು ಊರಿನ ಚರಿತ್ರೆಯ ಭಾಗ. ಮುಳ್ಳುತಂತಿ ಮತ್ತು ನೆಲಬಾಂಬಿನ ನಡುವೆ ದಾರಿ ಬಿಡಿಸುವ ಬ್ಯಾಂಗಲೂರ್ ಟಾರ್ಪೆಡೋವನ್ನು 1912ರಲ್ಲಿ ರೂಪಿಸಿದ್ದು ಈ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್, ಇದೇ ಊರಲ್ಲಿ. 1944ರಲ್ಲಿ ಇಟಲಿಯ ಮಿನ್ಯಾನೋ ಬಳಿ ನೆಲಬಾಂಬ್ ತೆರವು ಮಾಡುತ್ತಿದ್ದಾಗ ಜೊತೆಯವರನ್ನು ಉಳಿಸಲು ಬಾಂಬಿನ ಮೇಲೆ ತಾನೇ ಬಿದ್ದು ಮಡಿದ, ಬ್ರಿಟಿಷರ ಶೌರ್ಯ ಪದಕ ಜಾರ್ಜ್ ಕ್ರಾಸ್ ಪಡೆದ ಸುಬೇದಾರ್ ಸುಬ್ರಮಣಿಯನ್ ಕೂಡ ಇದೇ ದಳದ, ಅಂದರೆ ಮದ್ರಾಸ್ ಸ್ಯಾಪರ್ಸ್‌ನವರೇ. ಸ್ಫೋಟಕದ ಎದುರು ಒಬ್ಬರೇ ಮುಂದೆ ಹೋಗುವ ಪರಂಪರೆ ಈ ದಳದಲ್ಲಿ ಹಳೆಯದು. ಫಲಕದಲ್ಲಿ ಎಂಇಜಿ ಹೆಸರಿಲ್ಲದಿದ್ದರೆ ಆ ಕೊಂಡಿ ಕಳಚಿಹೋಗುತ್ತದೆ.

"ಕಮಾಂಡೋ": ಅವರು ಎನ್‌ಎಸ್‌ಜಿಯ ಬಾಂಬ್ ನಿಷ್ಕ್ರಿಯ ತಂಡದ ಅಧಿಕಾರಿ. ಅದನ್ನೇ ಬರೆಯಿರಿ. ಅವರ ವಿದ್ಯೆಯನ್ನು ಮರೆಮಾಡುವ ಪದ ಬೇಡ.

"ವಿಜೇತ": ಶೌರ್ಯ ಚಕ್ರ ಸ್ಪರ್ಧೆಯಲ್ಲಿ ಗೆಲ್ಲುವಂಥದ್ದಲ್ಲ. "ಶೌರ್ಯ ಚಕ್ರ (ಮರಣೋತ್ತರ)" ಎಂದು ಹೆಸರಿನ ನಂತರ ಹಾಕಿದರೆ ಸಾಕು. ಸೈನಿಕರ ಶೌರ್ಯ ಪದಕಗಳನ್ನು ಹೀಗೆ ಬರೆಯಲು ಅಡ್ಡಿಯಿಲ್ಲ.

ದೂರವೇ_ರಕ್ಷೆ

"ಬಾಂಬ್ ನಿಷ್ಕ್ರಿಯಗೊಳಿಸುವಾಗ" ಅನ್ನುವುದನ್ನೂ ಬದಲಿಸಬೇಕು. ಹಾಗೆ ಬರೆದರೆ ಓದಿದವರ ಕಣ್ಣಿಗೆ ಸಿನಿಮಾದ ಕೆಂಪು ತಂತಿ, ನೀಲಿ ತಂತಿ ಬರುತ್ತದೆ. ನಡೆದದ್ದು ಗುಂಡಿನ ಕಾಳಗದ ನಂತರದ ಶೋಧ ಕಾರ್ಯ. ಸತ್ತ ಭಯೋತ್ಪಾದಕನ ಶವವನ್ನು ಪರೀಕ್ಷಿಸಿ ಸ್ಫೋಟಕಮುಕ್ತಗೊಳಿಸುವ ಕೆಲಸದಲ್ಲಿ ಗ್ರೆನೇಡ್ ಸಿಡಿಯಿತು. ಅವರ ಜೊತೆಗಿದ್ದ ಎನ್‌ಎಸ್‌ಜಿ ಸಿಬ್ಬಂದಿಗೂ ಗಾಯಗಳಾದವು.

ಗುಂಡಿನ ಸದ್ದು ನಿಂತ ಮೇಲೆ ಅಪಾಯ ಮುಗಿಯಿತು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಬಾಂಬ್ ದಳದ ಕೆಲಸ ಶುರುವಾಗುವುದೇ ಆಗ. ಶವದ ಮೈಮೇಲೆ, ಅಡಿಯಲ್ಲಿ, ಬೆನ್ನಿನ ಚೀಲದಲ್ಲಿ, ಸುತ್ತಲಿನ ಹುಲ್ಲಿನಲ್ಲಿ ಏನಿದೆ ಎಂದು ಯಾರಾದರೂ ನೋಡಲೇಬೇಕು. ಗುರುತು ಪತ್ತೆ, ಸಾಕ್ಷ್ಯ ಸಂಗ್ರಹ, ಶವ ಸಾಗಿಸುವುದು, ಎಲ್ಲವೂ ಅದಾದ ಮೇಲೆಯೇ. ಪಠಾಣ್‌ಕೋಟ್‌ನದ್ದು ವಿಸ್ತಾರವಾದ ನೆಲೆ. ಒಳಗೆ ಯುದ್ಧವಿಮಾನಗಳು, ಸಿಬ್ಬಂದಿಯ ಕುಟುಂಬಗಳ ವಸತಿ. ಶೋಧ ಹಲವು ದಿನ ನಡೆಯಿತು.

ಪ್ರದರ್ಶನದಲ್ಲಿ ಇದನ್ನೇ ಮೊದಲ ಫಲಕವಾಗಿ ಇಡಿ.

ಕುತೂಹಲಿ_ಯಲಹಂಕ

ಆಗ ಟೀವಿಯಲ್ಲಿ ಒಂದು ಪ್ರಶ್ನೆ ಬಹಳ ಕೇಳಿಬಂತು: ಬಾಂಬ್ ಸೂಟ್ ಇತ್ತೋ ಇಲ್ಲವೋ, ನಿಯಮ ಪಾಲಿಸಿದರೋ ಇಲ್ಲವೋ. ಕಾರ್ಯಕ್ರಮದ ದಿನವೂ ಯಾರಾದರೂ ಕೇಳುತ್ತಾರೆ. ಏನು ಹೇಳಬೇಕು?

ದೂರವೇ_ರಕ್ಷೆ

ಆ ತೀರ್ಪು ಕೊಡುವ ಜಾಗ ಉದ್ಯಾನವಲ್ಲ, ಕೊಡುವವರು ನಾವೂ ಅಲ್ಲ. ಆದರೆ ಸೂಟ್ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಸ್ಪಷ್ಟವಾಗಿ ಹೇಳಬಹುದು. ಅದು ತಿಳಿದರೆ ಪ್ರಶ್ನೆಯ ಧಾಟಿಯೇ ಬದಲಾಗುತ್ತದೆ.

ಪೂರ್ಣ ಬಾಂಬ್ ಸೂಟ್ ಹೆಲ್ಮೆಟ್ ಸೇರಿ ಸುಮಾರು 35ರಿಂದ 40 ಕಿಲೋ ತೂಗುತ್ತದೆ. ಒಬ್ಬರೇ ಹಾಕಿಕೊಳ್ಳಲು ಆಗುವುದಿಲ್ಲ, ಸಹಾಯಕರು ಬೇಕು. ಅದು ತಡೆಯಬೇಕಾದದ್ದು ನಾಲ್ಕನ್ನು: ಸ್ಫೋಟದ ಒತ್ತಡದ ಅಲೆ, ಚೂರುಗಳು, ಬೆಂಕಿಯ ಶಾಖ, ಎತ್ತಿ ಎಸೆದಾಗ ಬೆನ್ನುಮೂಳೆಗೂ ತಲೆಗೂ ಬೀಳುವ ಪೆಟ್ಟು. ರಕ್ಷಣೆ ಮುಂಭಾಗದಲ್ಲಿ ಹೆಚ್ಚು, ಹಿಂಭಾಗದಲ್ಲಿ ಕಡಿಮೆ. ಬೆರಳಿನ ಸ್ಪರ್ಶ ಬೇಕಾದ ಕೆಲಸವಾದ್ದರಿಂದ ಕೈಗಳು ಸಾಮಾನ್ಯವಾಗಿ ಬರಿದಾಗಿಯೇ ಇರುತ್ತವೆ. ಒಳಗೆ ಸೆಕೆ ವಿಪರೀತ. ಹೆಲ್ಮೆಟ್ಟಿನಲ್ಲಿ ಫ್ಯಾನ್ ಇರುವುದು ಗಾಜು ಮಂಜಾಗದಿರಲಿ, ಉಸಿರಾಟ ಸರಾಗವಾಗಲಿ ಎಂದು. ಸೂಟ್ ತೊಟ್ಟವರ ನೋಟದ ಹರವು ಕಿರಿದಾಗುತ್ತದೆ, ಕಿವಿ ಮಂದವಾಗುತ್ತದೆ, ಬಗ್ಗುವುದು ಕಷ್ಟ. ಅಂದರೆ ಸೂಟು ರಕ್ಷಣೆಯ ಜೊತೆಗೆ ಒಂದಿಷ್ಟು ಅಡಚಣೆಯನ್ನೂ ತರುತ್ತದೆ. ಯಾವ ಹೊತ್ತಿಗೆ ಯಾವುದು ಮುಖ್ಯ ಎನ್ನುವ ಲೆಕ್ಕಾಚಾರ ಆ ಸ್ಥಳದಲ್ಲಿದ್ದ ಪರಿಣತರದ್ದು.

ಇನ್ನು ದೂರ. ಸ್ಫೋಟಕದ ಹತ್ತಿರದಲ್ಲಿ ದೂರ ಎರಡು ಪಟ್ಟಾದರೆ ಅಲೆಯ ಒತ್ತಡ ಸುಮಾರಾಗಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೈಗೆ ತಾಗಿಕೊಂಡೇ ಸಿಡಿದರೆ ಯಾವ ಸೂಟೂ ಪೂರ್ತಿ ಕಾಯಲಾರದು. ಹಾಗಾಗಿಯೇ ಈ ವಿದ್ಯೆಯ ಮೂಲಪಾಠ, ಸಾಧ್ಯವಾದುದನ್ನೆಲ್ಲ ದೂರದಿಂದ ಮಾಡು ಎಂಬುದು. ಕೊಕ್ಕೆ, ಹಗ್ಗ, ರಾಟೆಗಳ ಪೆಟ್ಟಿಗೆ ಇರುತ್ತದೆ. ವಸ್ತುವಿಗೆ ಕೊಕ್ಕೆ ಸಿಕ್ಕಿಸಿ, ಮರೆಗೆ ಬಂದು, ಅಲ್ಲಿಂದ ಎಳೆದು ಅಲುಗಾಡಿಸುತ್ತಾರೆ. ಅನಂತರ ಕಾಯುತ್ತಾರೆ. ರೋಬೋ ಇದ್ದರೆ ಮೊದಲು ಅದು ಹೋಗುತ್ತದೆ. ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ರೂಪಿಸಿದ 'ದಕ್ಷ' ಮೆಟ್ಟಿಲು ಹತ್ತುತ್ತದೆ, ಎಕ್ಸ್‌ರೇ ತೆಗೆಯುತ್ತದೆ, ನೀರಿನ ಬಿರುಧಾರೆಯಿಂದ ವಸ್ತುವನ್ನು ಛಿದ್ರಗೊಳಿಸುತ್ತದೆ, ಐನೂರು ಮೀಟರ್ ದೂರದಿಂದ ನಡೆಸಬಹುದು. ಆದರೂ ಕೊಕ್ಕೆ ಸಿಕ್ಕಿಸಲು ಮೊದಲ ಸಲ ಯಾರಾದರೂ ನಡೆದು ಹೋಗಬೇಕು. ರೋಬೋ ಹೋಗದ ಗಿಡಗಂಟಿ, ಹಳ್ಳದ ನೆಲ, ಕುಸಿದ ಗೋಡೆಯ ಬಳಿಗೂ ಮನುಷ್ಯರೇ ಹೋಗಬೇಕು. ಉಳಿದವರನ್ನೆಲ್ಲ ಹಿಂದೆ ಕಳಿಸಿ ಕಡಿಮೆ ಜನ ಮುಂದೆ ಹೋಗುವುದು ಈ ಕೆಲಸದ ಪದ್ಧತಿ. ಆ ಮುಂದಿನ ಜಾಗದಲ್ಲಿ ತಂಡದ ಅಧಿಕಾರಿಯೇ ಇದ್ದರು. ಪ್ರಶ್ನೆ ಕೇಳಿದವರಿಗೆ ಇಷ್ಟನ್ನು ಹೇಳಿ.

ಭೂಸೇನೆಯ ಇಂಜಿನಿಯರ್ ದಳದ ಮೇಜರ್ ಚಿತ್ರೇಶ್ ಬಿಷ್ಟ್ ಅವರ ಪ್ರಸಂಗವನ್ನೂ ಸೇರಿಸಬಹುದು. 2019ರ ಫೆಬ್ರವರಿ 16ರಂದು ಜಮ್ಮುವಿನ ನೌಶೇರಾ ವಲಯದಲ್ಲಿ ಒಂದು ಸ್ಫೋಟಕವನ್ನು ನಿಷ್ಕ್ರಿಯಗೊಳಿಸಿದರು, ಎರಡನೆಯದರ ಕೆಲಸದಲ್ಲಿದ್ದಾಗ ಅದು ಸಿಡಿದು ತೀರಿಕೊಂಡರು. ಒಂದು ಸಿಕ್ಕಿತೆಂದರೆ ಇನ್ನೊಂದಿದೆ ಎಂದೇ ಈ ದಳದವರು ಹೊರಡುತ್ತಾರೆ.

ಕಲ್ಲುಕೆಲಸ_ಕೋಲಾರ

ಕಲ್ಲಿನ ವಿಷಯ ನನಗೆ ಬಿಡಿ. ಕೆಲಸದವರು 20 ಮಿ.ಮೀ. ಪಾಲಿಶ್ ಚಪ್ಪಡಿಯನ್ನು ಇಟ್ಟಿಗೆ ಗೋಡೆಗೆ ಅಂಟಿಸಿಕೊಡುತ್ತೇವೆ ಅನ್ನುತ್ತಾರೆ. ಒಪ್ಪಬೇಡಿ. ಬಿಸಿಲಿಗೆ ಹಿಗ್ಗಿ, ಮಳೆಗೆ ಹಿಂದಿನಿಂದ ನೀರು ಹೊಕ್ಕು, ಕೆಲವೇ ವರ್ಷಕ್ಕೆ ಮೂಲೆ ಬಿಡುತ್ತದೆ. ಕನಿಷ್ಠ 100 ಮಿ.ಮೀ. ದಪ್ಪದ ಒಂದೇ ಕಲ್ಲನ್ನು ನಿಲ್ಲಿಸಿ. ನೆಲದ ಮೇಲೆ ನಾಲ್ಕೂವರೆ ಅಡಿ ಕಾಣಬೇಕಾದರೆ ಕೆಳಗೆ ಒಂದೂವರೆ ಅಡಿ ಹೂಳಬೇಕು, ಅಂದರೆ ಆರಡಿ ಕಲ್ಲು. ಎರಡೂವರೆ ಅಡಿ ಅಗಲ. ಇದು ಮುನ್ನೂರೈವತ್ತು ಕಿಲೋ ದಾಟುತ್ತದೆ, ಆದ್ದರಿಂದ ಕೈಯಲ್ಲಿ ಇಳಿಸುವ ಸಾಹಸ ಬೇಡ, ಚೈನ್ ಪುಲ್ಲಿಯ ತ್ರಿಕಾಲಿ ಇರಲಿ.

ಬುಡಕ್ಕೆ ಕಾಂಕ್ರೀಟ್ ಹಾಕಿದ ಮೇಲೆ ಏಳು ದಿನ ನೀರು ಕುಡಿಸಿ. ಬುಡದ ಕಟ್ಟೆ ಹೊರಕ್ಕೆ ಇಳಿಜಾರಾಗಿರಲಿ. ಸಮತಟ್ಟಾದರೆ ನೀರು ನಿಂತು ಪಾಚಿ ಕಟ್ಟುತ್ತದೆ, ಹೂ ಕೊಳೆತು ಕಲೆಯಾಗುತ್ತದೆ. ಪುಷ್ಪಚಕ್ರ ಒರಗಿಸಲು ಬುಡದಿಂದ ಅರ್ಧ ಅಡಿ ಎತ್ತರದಲ್ಲಿ ಮೆಟ್ಟಿಲಂಥ ಚಾಚು ಬಿಡಿ. ಇಲ್ಲವಾದರೆ ಜನ ಅಕ್ಷರಗಳ ಮೇಲೆಯೇ ಒರಗಿಸುತ್ತಾರೆ.

ಮುಖ ಪಾಲಿಶ್ ಬೇಡ. ಕನ್ನಡಿಯಂತೆ ಹೊಳೆದರೆ ಬಿಸಿಲಲ್ಲಿ ಓದಲಾಗುವುದಿಲ್ಲ, ಫೋಟೋದಲ್ಲಿ ಎದುರು ನಿಂತವರೇ ಕಾಣುತ್ತಾರೆ. ನಯವಾಗಿ ಉಜ್ಜಿದ, ಹೊಳಪಿಲ್ಲದ ಮುಖ ಇರಲಿ. ಅಕ್ಷರ ಕನಿಷ್ಠ 3 ಮಿ.ಮೀ. ಆಳ. ತೆಳುವಾಗಿ ಕೊರೆದು ಚಿನ್ನದ ಬಣ್ಣ ತುಂಬಿದರೆ ಎರಡು ಮಳೆಗಾಲಕ್ಕೆ ಬಣ್ಣ ಹೋಗಿ ಅಕ್ಷರವೂ ಕಾಣದಾಗುತ್ತದೆ. ಆಳವಿದ್ದರೆ ಬಣ್ಣ ಹೋದರೂ ನೆರಳಲ್ಲಿ ಓದಬಹುದು. ಕಲ್ಲಿನ ಮುಖ ಪೂರ್ವಕ್ಕಿರಲಿ, ಬೆಳಗಿನ ಓರೆ ಬಿಸಿಲಲ್ಲಿ ಕೆತ್ತನೆ ಎದ್ದು ಕಾಣುತ್ತದೆ.

ಅಕ್ಷರಜೋಡಣೆ

ಕಲ್ಲಿಗಿಂತ ಮೊದಲು ಅಕ್ಷರ ಕೆಡುವುದು ಕಂಪ್ಯೂಟರಿನಲ್ಲಿ. ನೀವು ವಾಟ್ಸಾಪಿನಲ್ಲಿ ಕಳಿಸುವುದು ಯೂನಿಕೋಡ್. ಕೆತ್ತನೆಯವರ ಡಿಟಿಪಿ ತಂತ್ರಾಂಶ ಹಳೆಯದಾಗಿದ್ದರೆ ಅವರು ನುಡಿ ಅಥವಾ ಬರಹದ ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ. ಆ ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಕಳಚುತ್ತದೆ. ನಿಮ್ಮ ಪಠ್ಯದಲ್ಲಿ ಅಪಾಯದ ಜಾಗಗಳು ಇವು: "ಶೌರ್ಯ" ಮತ್ತು "ಕರ್ನಲ್" ಪದಗಳ ಅರ್ಕಾವತ್ತು, "ಲೆಫ್ಟಿನೆಂಟ್" ಪದದ ಫ್ಟಿ, "ಗ್ರೂಪ್" ಪದದ ಗ್ರೂ.

ನಿಮ್ಮ ಕರಡಿನಲ್ಲೇ ಒಂದು ತಪ್ಪಿದೆ ನೋಡಿ. "ಎನ್ಎಸ್ಜಿ" ಎಂದು ಬಂದಿದೆ. ಅರ್ಧಾಕ್ಷರಗಳ ನಡುವೆ ಬಿಡಿಸುವ ಕೀಲಿ ಒತ್ತದಿದ್ದರೆ ಸ ಕಾರಕ್ಕೆ ಜ ಒತ್ತು ಸೇರಿಬಿಡುತ್ತದೆ. "ಎನ್‌ಎಸ್‌ಜಿ" ಎಂದಾಗಬೇಕು. ನನ್ನ ಮಾತು ಕೇಳಿದರೆ ಕಲ್ಲಿನ ಮೇಲೆ ಹ್ರಸ್ವರೂಪವೇ ಬೇಡ, "ರಾಷ್ಟ್ರೀಯ ಭದ್ರತಾ ಪಡೆ" ಎಂದು ಬಿಡಿಸಿ ಬರೆಯಿರಿ.

ಅಳತೆ: ಹೆಸರಿನ ಸಾಲಿಗೆ 60 ಮಿ.ಮೀ., ಉಳಿದ ಸಾಲುಗಳಿಗೆ 35 ಮಿ.ಮೀ. ಎತ್ತರ. ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು, ಅಕ್ಷರದ ಎತ್ತರದ ಹೆಚ್ಚುಕಡಿಮೆ ಎರಡರಷ್ಟು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗೆರೆ ದಪ್ಪವಿರುವ ಸರಳ ಫಾಂಟ್ ಆರಿಸಿ. ತೆಳು ಗೆರೆ ಗ್ರಾನೈಟಿನಲ್ಲಿ ಚೆಕ್ಕೆ ಏಳುತ್ತದೆ.

ಪಠ್ಯವನ್ನು ಯೂನಿಕೋಡಿನಲ್ಲೇ ಜೋಡಿಸಿ, ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿ, ಪಿಡಿಎಫ್ ಕೊಡಿ. ಆಗ ಕೆತ್ತನೆಯವರ ಕಡೆ ಫಾಂಟ್ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವಾಗದು.

ತಿರಂಗಾ_ನಿಯಮ

ಬಾವುಟದ ವಿಷಯದಲ್ಲಿ ಉತ್ಸಾಹಕ್ಕೆ ತಪ್ಪುಗಳಾಗುತ್ತವೆ. 2002ರ ಧ್ವಜ ಸಂಹಿತೆಯಂತೆ ನೋಡಿಕೊಳ್ಳಬೇಕಾದದ್ದು:

ಶಿಲೆಯ ಅನಾವರಣಕ್ಕೆ ರಾಷ್ಟ್ರಧ್ವಜವನ್ನು ಹೊದಿಸಬಾರದು. ಬೇರೆ ಬಟ್ಟೆ ಹೊದಿಸಿ. ಧ್ವಜ ಪ್ರತ್ಯೇಕವಾಗಿ, ಗೌರವದ ಸ್ಥಾನದಲ್ಲಿ ಹಾರುತ್ತಿರಲಿ. ಕಲ್ಲಿಗೆ ಸುತ್ತುವ ಕೇಸರಿ ಬಿಳಿ ಹಸಿರು ರಿಬ್ಬನ್ನು, ಅದನ್ನು ಕತ್ತರಿಯಲ್ಲಿ ಕತ್ತರಿಸುವುದು, ಎರಡೂ ಬೇಡ.

ಶೋಕದ ದಿನವೆಂದು ಧ್ವಜವನ್ನು ಅರ್ಧಕ್ಕೆ ಇಳಿಸಬೇಡಿ. ಅದು ಸರ್ಕಾರದ ಆದೇಶದ ಮೇಲೆ ಮಾತ್ರ. ಜನವರಿ 3ರಂದು ಧ್ವಜ ಪೂರ್ಣ ಎತ್ತರದಲ್ಲೇ ಹಾರಬೇಕು.

ಧ್ವಜದ ಮೇಲೆ ಹೆಸರು, ಫೋಟೋ, ಬರಹ ಏನೂ ಬರಬಾರದು. ಫ್ಲೆಕ್ಸಿನ ಹಿನ್ನೆಲೆಗೆ ಧ್ವಜದ ಚಿತ್ರ ಹಾಕಿ ಅದರ ಮೇಲೆ ದಾನಿಗಳ ಪಟ್ಟಿ ಹಾಕುವ ರೂಢಿಯಿದೆ. ದಯವಿಟ್ಟು ಅದನ್ನು ಬಿಡಿ.

ಮಕ್ಕಳು ಕೇಳಿದರೆ ಇದನ್ನೂ ಹೇಳಿ: ಸೇನಾ ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಗೆ ಧ್ವಜ ಹೊದಿಸುವಾಗ ಕೇಸರಿ ತಲೆಯ ಕಡೆಗಿರುತ್ತದೆ. ಧ್ವಜವನ್ನು ಹೂಳುವುದೂ ಇಲ್ಲ, ಚಿತೆಗೆ ಹಾಕುವುದೂ ಇಲ್ಲ, ತೆಗೆದು ಮಡಚುತ್ತಾರೆ.

ಪದಕದ ಚಿತ್ರ ಹಾಕುವವರಿಗೆ ಒಂದು ಎಚ್ಚರಿಕೆ. ಶೌರ್ಯ ಚಕ್ರ ಕಂಚಿನದು, ವೃತ್ತಾಕಾರ. ರಿಬ್ಬನ್ ಹಸಿರು, ಅದನ್ನು ನಾಲ್ಕು ಸಮಭಾಗ ಮಾಡುವ ಮೂರು ಕಿತ್ತಳೆ ಗೆರೆಗಳು. ಎರಡು ಗೆರೆಯಿದ್ದರೆ ಅದು ಕೀರ್ತಿ ಚಕ್ರ, ಒಂದಿದ್ದರೆ ಅಶೋಕ ಚಕ್ರ. ಇಂಟರ್‌ನೆಟ್ಟಿನಿಂದ ಇಳಿಸಿದ ಚಿತ್ರದಲ್ಲಿ ಗೆರೆ ಎಣಿಸಿಯೇ ಮುದ್ರಣಕ್ಕೆ ಕೊಡಿ.

ಸ್ಯಾಪರ್_ಬಳಗ

ಕಾರ್ಯಕ್ರಮದ ಕ್ರಮ. ಇಪ್ಪತ್ತೈದು ನಿಮಿಷ ಮೀರದಿರಲಿ.

ಎಲ್ಲರೂ ನಿಂತ ಮೇಲೆ ಎರಡು ನಿಮಿಷದ ಪರಿಚಯ: ಹುದ್ದೆ, ಹೆಸರು, ದಳ, ಸ್ಥಳ, ದಿನ. ನಂತರ ಪುಷ್ಪಚಕ್ರ. ಮೊದಲು ಕುಟುಂಬದವರು ಬಂದಿದ್ದರೆ ಅವರು, ಆಮೇಲೆ ಸೇನೆಯ ಪ್ರತಿನಿಧಿ, ಮಾಜಿ ಸೈನಿಕರು, ಶಾಲೆಯ ಮಕ್ಕಳು, ಕೊನೆಗೆ ಜನಪ್ರತಿನಿಧಿಗಳು ಮತ್ತು ಬಡಾವಣೆಯವರು. ಈ ಕೊನೆಯ ಸ್ಥಾನದ ಬಗ್ಗೆ ಮುಜುಗರ ಬರುತ್ತದೆ, ಮೊದಲೇ ಮಾತಾಡಿ ಒಪ್ಪಿಸಿಕೊಳ್ಳಿ. ಸಮವಸ್ತ್ರದಲ್ಲಿಲ್ಲದವರು ಎರಡೂ ಕೈಯಲ್ಲಿ ಪುಷ್ಪಚಕ್ರ ಇಟ್ಟು, ಒಂದು ಹೆಜ್ಜೆ ಹಿಂದೆ ಬಂದು, ತಲೆಬಾಗಿ ಸರಿದರೆ ಸಾಕು. ಸೆಲ್ಯೂಟ್ ಹೊಡೆಯಬೇಕಿಲ್ಲ.

ಆಮೇಲೆ ಬ್ಯೂಗಲ್‌ನಲ್ಲಿ ಮಡಿದ ಸೈನಿಕರ ಗೌರವಕ್ಕೆ ಊದುವ ಲಾಸ್ಟ್ ಪೋಸ್ಟ್, ಎರಡು ನಿಮಿಷ ಮೌನ, ಮೌನ ಮುಗಿಯಿತೆಂದು ಸೂಚಿಸುವ ರೌಸ್, ಕೊನೆಗೆ 52 ಸೆಕೆಂಡಿನ ರಾಷ್ಟ್ರಗೀತೆ. ಬ್ಯೂಗಲ್ ಊದುವವರು ಬೇಕಾದರೆ ಎಂಇಜಿ ಕೇಂದ್ರಕ್ಕೆ ಅಥವಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಲಿಖಿತ ಮನವಿ ಕೊಡಿ, ಆರು ವಾರ ಮೊದಲೇ. ಜನವರಿ ಸೇನಾ ದಿನ ಮತ್ತು ಗಣರಾಜ್ಯೋತ್ಸವದ ತಯಾರಿಯ ತಿಂಗಳು, ಕೊನೆಗಳಿಗೆಯಲ್ಲಿ ಯಾರೂ ಸಿಗುವುದಿಲ್ಲ. ಸಿಗದಿದ್ದರೆ ಧ್ವನಿಮುದ್ರಣ ಆಗಬಹುದು, ಆದರೆ ಕಡತವನ್ನು ಮೊದಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ನುಡಿಸಿ. ನೇರವಾಗಿ ಇಂಟರ್‌ನೆಟ್ಟಿನಿಂದ ಹಾಕಿದರೆ ಲಾಸ್ಟ್ ಪೋಸ್ಟ್ ನಡುವೆ ಜಾಹೀರಾತು ಬರುತ್ತದೆ.

ಪಟಾಕಿ ಹೊಡೆದು ಗೌರವ ಸಲ್ಲಿಸುವ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ. ಸ್ಫೋಟದಲ್ಲಿ ತೀರಿಕೊಂಡವರ ಮನೆಯವರು ಎದುರಿಗಿರಬಹುದು.

ಮಲ್ಲಿಗೆ_ಟೀಚರ್

ಕುಟುಂಬದವರ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ಅವರ ಒಪ್ಪಿಗೆ ಕೇಳಬೇಕು, ಕಲ್ಲು ತರಿಸುವ ಮೊದಲು. ನಿರಂಜನ್ ಅವರ ಮೂಲ ಊರು ಕೇರಳದ ಪಾಲಕ್ಕಾಡ್ ಜಿಲ್ಲೆಯ ಎಳಂಬುಲಶ್ಶೇರಿ, ಅಂತ್ಯಕ್ರಿಯೆ ಆದದ್ದೂ ಅಲ್ಲಿಯೇ. ಅದಕ್ಕೂ ಮೊದಲು ಬೆಂಗಳೂರಿನ ಜಾಲಹಳ್ಳಿ ಕಡೆಯ ಬಿಇಎಲ್ ಮೈದಾನದಲ್ಲಿ ಪಾರ್ಥಿವ ಶರೀರವನ್ನು ಸಾರ್ವಜನಿಕರ ದರ್ಶನಕ್ಕೆ ಇಟ್ಟಿದ್ದರು, ಜನ ಸಾಲುಗಟ್ಟಿದ್ದರು. ಜನವರಿ 3 ನಮಗೆ ಕಾರ್ಯಕ್ರಮದ ದಿನ, ಅವರಿಗೆ ಮನೆಯ ದುಃಖದ ದಿನ. ಬರಬಹುದು, ಬರದೆಯೂ ಇರಬಹುದು. ಬರಲೇಬೇಕೆಂದು ಒತ್ತಾಯಿಸಬಾರದು. ಬಂದರೆ ಮೈಕ್ ಕೈಗಿಟ್ಟು ಮಾತಾಡಿಸಬಾರದು. ಮನೆಯವರ ಹೆಸರು, ವಿಳಾಸ, ಮಗುವಿನ ಫೋಟೋ, ಇದ್ಯಾವುದೂ ಫಲಕದಲ್ಲಾಗಲಿ ಆಹ್ವಾನಪತ್ರಿಕೆಯಲ್ಲಾಗಲಿ ಬೇಡ.

ಪ್ರದರ್ಶನದ ಬಗ್ಗೆ. ನಕಲಿ ಬಾಂಬ್ ಮಾದರಿ ಮಾಡುವುದೇ ಬೇಡ. ಮಕ್ಕಳು ಅದರ ಜೊತೆ ಆಡುತ್ತಾರೆ, ಮರೆತು ಎಲ್ಲೋ ಬಿಟ್ಟರೆ ಪೊಲೀಸರು ಬರಬೇಕಾಗುತ್ತದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಹುಸಿ ಬೆದರಿಕೆಯ ಇ-ಮೇಲ್ ಬಂದಾಗ ಪ್ರತಿ ಶಾಲೆಗೂ ಬಾಂಬ್ ದಳ, ಶ್ವಾನದಳ ಹೋಗಬೇಕಾಯಿತು. ಅವರ ಸಮಯ ಎಷ್ಟು ಅಮೂಲ್ಯ ಅನ್ನುವುದನ್ನೇ ಒಂದು ಫಲಕ ಮಾಡಬಹುದು.

ಸೂಟಿನ ತೂಕ ತಿಳಿಸಲು ಒಂದು 25 ಕಿಲೋ ಅಕ್ಕಿ ಮೂಟೆ, ಪಕ್ಕದಲ್ಲಿ ಒಂದು 10 ಕಿಲೋ ಚೀಲ ಇಟ್ಟು "ಇಷ್ಟನ್ನು ಹೊತ್ತು ನಡೆಯಬೇಕು" ಎಂದು ಬರೆಯಿರಿ. ಮಕ್ಕಳು ಎತ್ತಲು ಹೋಗದಂತೆ ದೊಡ್ಡವರೊಬ್ಬರು ಅಲ್ಲೇ ಇರಲಿ.

ದೂರವೇ_ರಕ್ಷೆ

ಟೀಚರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಕೊನೆಯ ಫಲಕ ಮಕ್ಕಳು ಮನೆಗೆ ಒಯ್ಯುವಂಥದ್ದಾಗಲಿ: ಅನುಮಾನದ ವಸ್ತು ಕಂಡರೆ ಏನು ಮಾಡಬೇಕು.

ಮುಟ್ಟಬೇಡಿ, ಅಲುಗಿಸಬೇಡಿ, ನೀರು ಸುರಿಯಬೇಡಿ, ಯಾವುದರಿಂದಲೂ ಮುಚ್ಚಬೇಡಿ. ಅದರ ಪಕ್ಕದಲ್ಲೇ ನಿಂತು ಮೊಬೈಲ್ ಅಥವಾ ವಾಕಿಟಾಕಿ ಬಳಸಬೇಡಿ. ಬಂದ ದಾರಿಯಲ್ಲೇ ಹಿಂದೆ ಸರಿದು, ದೂರ ಹೋಗಿ, ಗೋಡೆಯ ಮರೆಯಿಂದ 112ಕ್ಕೆ ಕರೆ ಮಾಡಿ. ಎಲ್ಲಿದೆ, ಎಷ್ಟು ದೊಡ್ಡದು, ಯಾವ ಬಣ್ಣ, ಮೊದಲು ನೋಡಿದ್ದು ಎಷ್ಟು ಹೊತ್ತಿಗೆ, ಇಷ್ಟು ಹೇಳಿದರೆ ದಳಕ್ಕೆ ದೊಡ್ಡ ಸಹಾಯ.

ದೂರದ ಅಂದಾಜಿಗೆ: ಸೂಟ್‌ಕೇಸಿನಲ್ಲಿ ಹಿಡಿಯುವ ಸುಮಾರು 23 ಕಿಲೋ ಸ್ಫೋಟಕಕ್ಕೆ ಅಮೆರಿಕದ ಸುರಕ್ಷತಾ ಪಟ್ಟಿ ಹೇಳುವುದು, 45 ಮೀಟರ್ ಒಳಗೆ ಯಾರೂ ಇರಲೇಬಾರದು, ಬಯಲಿನಲ್ಲಾದರೆ 560 ಮೀಟರಿನಾಚೆ ಹೋಗುವುದು ಮೇಲು. ಶಾಲೆಯ ಮೈದಾನ ಎಷ್ಟು ಚಿಕ್ಕದು ಎಂದು ಆಗ ಅರ್ಥವಾಗುತ್ತದೆ. ಹೆಚ್ಚಿನ ಶಾಲೆಗಳು ಮಕ್ಕಳನ್ನು ಕಟ್ಟಡದ ಎದುರಿನ ಅಂಗಳಕ್ಕೆ ತಂದು ಸಾಲಾಗಿ ನಿಲ್ಲಿಸುತ್ತವೆ, ಮೇಲೆಲ್ಲ ಗಾಜಿನ ಕಿಟಕಿ. ಬೆಂಕಿಯ ಅಭ್ಯಾಸಕ್ಕೆ ಅದು ನಡೆಯಬಹುದು, ಬಾಂಬ್ ಬೆದರಿಕೆಗೆ ನಡೆಯದು. ಸೇರುವ ಜಾಗವನ್ನೂ ಮೊದಲು ಒಬ್ಬರು ನೋಡಿ ಬರಬೇಕು. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸ್ಫೋಟಗಳಾದ ಮೇಲೆ, ಮರುದಿನವೂ ಆ ಸುತ್ತಿನಲ್ಲಿ ಸಿಡಿಯದ ಬಾಂಬುಗಳು ಸಿಕ್ಕಿದ್ದವು.

ನಿಷ್ಕ್ರಿಯಗೊಳಿಸುವ ವಿಧಾನ, ಸರ್ಕ್ಯೂಟ್ ಚಿತ್ರ, ಸ್ಫೋಟಕದ ಹೆಸರುಗಳ ಪಟ್ಟಿ, ಇದ್ಯಾವುದನ್ನೂ ಫಲಕದಲ್ಲಿ ಹಾಕಬೇಡಿ. ಅದು ಮಕ್ಕಳಿಗೂ ಬೇಡ, ಬೇರೆ ಯಾರಿಗೂ ಬೇಡ.

ಬಡಾವಣೆ_ಬಳಗ

ಎಲ್ಲರಿಗೂ ವಂದನೆ. ಮೊದಲು ಕುಟುಂಬಕ್ಕೆ ಪತ್ರ, ಒಪ್ಪಿಗೆ ಬಂದ ಮೇಲೆ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಅರ್ಜಿ, ಆಮೇಲೆ ಕಲ್ಲು. ತಿದ್ದಿದ ಪಠ್ಯ:

ಲೆಫ್ಟಿನೆಂಟ್ ಕರ್ನಲ್
ನಿರಂಜನ್ ಇ.ಕೆ.
ಶೌರ್ಯ ಚಕ್ರ (ಮರಣೋತ್ತರ)
ಮದ್ರಾಸ್ ಇಂಜಿನಿಯರ್ ಗ್ರೂಪ್
ಬಾಂಬ್ ನಿಷ್ಕ್ರಿಯ ತಂಡದ ಅಧಿಕಾರಿ, ರಾಷ್ಟ್ರೀಯ ಭದ್ರತಾ ಪಡೆ
ಪಠಾಣ್‌ಕೋಟ್ ವಾಯುನೆಲೆಯನ್ನು ಸ್ಫೋಟಕಮುಕ್ತಗೊಳಿಸುವ
ಕರ್ತವ್ಯದಲ್ಲಿ ಪ್ರಾಣಾರ್ಪಣೆ
3 ಜನವರಿ 2016

ಬಡಾವಣೆಯ ಹೆಸರು, ಪದಾಧಿಕಾರಿಗಳ ಹೆಸರು ಕಲ್ಲಿನ ಮೇಲೆ ಬರುವುದಿಲ್ಲ ಎಂದು ನಿರ್ಧಾರವಾಗಿದೆ.

ಅಕ್ಷರಜೋಡಣೆ

ಐದನೇ ಸಾಲು ಉದ್ದವಾಯಿತು. ಎರಡೂವರೆ ಅಡಿ ಅಗಲದಲ್ಲಿ 35 ಮಿ.ಮೀ. ಅಕ್ಷರಕ್ಕೆ ಹಿಡಿಯುವುದಿಲ್ಲ, ಅಲ್ಪವಿರಾಮದ ಬಳಿ ಮುರಿದು ಎರಡು ಸಾಲು ಮಾಡಿ. ಆರನೇ ಸಾಲನ್ನೂ "ವಾಯುನೆಲೆಯನ್ನು" ಆದ ಮೇಲೆ ಮುರಿಯಿರಿ. ಒಟ್ಟು ಹತ್ತು ಸಾಲು. ನಾನು ಹೇಳಿದ ಅಂತರದಲ್ಲಿ ಮೂರು ಅಡಿಗಿಂತ ಕಡಿಮೆಯಲ್ಲೇ ಮುಗಿಯುತ್ತದೆ, ಮೇಲೆ ಕೆಳಗೆ ಅಂಚು ಉಳಿಯುತ್ತದೆ.

ಕಲ್ಲುಕೆಲಸ_ಕೋಲಾರ

ಕೆತ್ತನೆಗೆ ಮುನ್ನ ನಿಜ ಅಳತೆಯ ಕಾಗದದ ಪ್ರತಿ ತೆಗೆಸಿ, ಕಲ್ಲಿನ ಮೇಲೆ ಅಂಟಿಸಿ, ಹತ್ತು ಅಡಿ ದೂರದಿಂದ ಓದಿ. ಪಠ್ಯ ಬರೆಯದ ಇಬ್ಬರು ಗಟ್ಟಿಯಾಗಿ ಅಕ್ಷರ ಅಕ್ಷರ ಓದಲಿ, ಕಾಗದದ ಮೇಲೆ ಸಹಿ ಹಾಕಲಿ. ಕಲ್ಲು ಕೆತ್ತಿ ನಿಲ್ಲಿಸಲು ಐದು ವಾರ ಬೇಕು. ನವೆಂಬರ್ ಕೊನೆಯೊಳಗೆ ಸಹಿಯಾದ ಪ್ರತಿ ಕೆಲಸದವರ ಕೈಯಲ್ಲಿರಲಿ.